ಉಳಿದುಹೋದ ತಾತ್ಕಾಲಿಕ ಕಡತಗಳು: ತಂತ್ರಾಂಶಸ್ಥಾಪನೆಯ ದೋಷಗಳನ್ನು ಕುರಿತು

೧

ಗಣಕಯಂತ್ರದ 'ಫೈಲ್' ಎಂಬುದಕ್ಕೆ ಇಂದು ನಾವು ಬಳಸುವ 'ಕಡತ' ಎಂಬ ಮಾತು ಕನ್ನಡಕ್ಕೆ ಹೊಸದಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಪುಡಿಯನ್ನೂ ಬಳಿದು, ಒಣಗಿಸಿ, ಹೊತ್ತಗೆಯಂತೆ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೇಖನಸಾಧನಕ್ಕೆ ಹಿಂದೆ ಆ ಹೆಸರಿದ್ದಿತು. ವರ್ತಕರೂ ಶಾನುಭೋಗರೂ ಅದರಲ್ಲಿ ಲೆಕ್ಕ ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ, ಮತ್ತೆ ಕಪ್ಪು ಬಳಿದು, ಅದರ ಮೇಲೆಯೇ ಹೊಸ ಲೆಕ್ಕವನ್ನು ಬರೆಯಬಹುದಾಗಿದ್ದಿತು. ಒರಸತಕ್ಕ ಬರಹವೂ ಉಳಿಸತಕ್ಕ ಬರಹವೂ ಒಂದೇ ಬಗೆಯ ವಸ್ತುವಿನ ಮೇಲೆ ಇರುತ್ತಿದ್ದುದರಿಂದ, ಯಾವುದು ಯಾವುದೆಂಬ ವಿವೇಚನೆ ಬರೆದವನ ಹೊಣೆಯಾಗಿದ್ದಿತು.

ಗಣಕಯಂತ್ರದ ಕಡತಗಳಲ್ಲಿಯೂ ಈ ಎರಡು ವರ್ಗಗಳುಂಟು. ಕೆಲಸ ನಡೆಯುವಷ್ಟು ಹೊತ್ತು ಮಾತ್ರ ಇರಬೇಕಾದವು ತಾತ್ಕಾಲಿಕ ಕಡತಗಳು. ಕೆಲಸ ಮುಗಿದ ಬಳಿಕವೂ ನಿಲ್ಲಬೇಕಾದವು ಸ್ಥಿರ ಕಡತಗಳು. ಮೊದಲನೆಯ ವರ್ಗದವು ತಮ್ಮ ಕಾಲ ಮುಗಿದ ಮೇಲೂ ಉಳಿದುಬಿಟ್ಟರೆ, ಮುಂದೆ ಹೊಸ ತಂತ್ರಾಂಶವೊಂದನ್ನು ಸ್ಥಾಪಿಸುವಾಗ, ಎಂದರೆ ಬಳಕೆಯ ಮಾತಿನಲ್ಲಿ 'ಇನ್‌ಸ್ಟಾಲ್' ಮಾಡುವಾಗ, ಹಲವು ದೋಷಗಳು ತಲೆದೋರುತ್ತವೆ. ಈ ದೋಷಗಳ ಸ್ವರೂಪವನ್ನೂ ಅವುಗಳ ಪರಿಹಾರದ ಕ್ರಮವನ್ನೂ, ಆ ಪರಿಹಾರದಲ್ಲಿ ಅಡಗಿರುವ ಅಪಾಯವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕನಿಗೆ ಈ ವಿಷಯದ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ೨೦೦೦ದ ದಶಕದಲ್ಲಿ ನಮ್ಮ ಕಾಲೇಜುಗಳಲ್ಲಿ ಬೆರಳಚ್ಚಾದ ಪ್ರಬಂಧಗಳು, ಶಾಸನಪಾಠಗಳು, ಕ್ಷೇತ್ರಕಾರ್ಯದ ಟಿಪ್ಪಣಿಗಳು ಬಹುಮಟ್ಟಿಗೆ ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸಗಳಲ್ಲಿವೆ. ಕನ್ನಡ ಗಣಕ ಪರಿಷತ್ತಿನ 'ನುಡಿ', ೧೯೯೮ರಲ್ಲಿ ಮೊದಲು ಹೊರಬಂದ 'ಬರಹ' ಮುಂತಾದ ತಂತ್ರಾಂಶಗಳ ಫಾಂಟುಗಳು ಯಂತ್ರದಲ್ಲಿದ್ದರೆ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಇಲ್ಲವಾದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೋರುತ್ತವೆ. ಯೂನಿಕೋಡಿನ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಹಳೆಯ ಬರಹವನ್ನು ಓದಲು ಹಳೆಯ ತಂತ್ರಾಂಶವನ್ನು ಹೊಸ ಯಂತ್ರದಲ್ಲಿ ಸ್ಥಾಪಿಸುವ ಅಗತ್ಯ ಇಂದಿಗೂ ತಪ್ಪಿಲ್ಲ. ಆದುದರಿಂದ ಸ್ಥಾಪನೆ ವಿಫಲವಾದರೆ ನಮ್ಮ ಆಕರಗಳೇ ಕೈಗೆ ಸಿಗದೆ ಹೋಗುತ್ತವೆ.

೨

ದೋಷವನ್ನು ತಿಳಿಯಬೇಕಾದರೆ ಮೊದಲು ಸ್ಥಾಪನೆಯ ಕ್ರಮವನ್ನು ತಿಳಿಯಬೇಕು. ನಾವು ತಂದುಕೊಳ್ಳುವ 'ಸೆಟಪ್' ಎಂಬ ಒಂದೇ ಕಡತದೊಳಗೆ ನೂರಾರು ಕಡತಗಳು ಒತ್ತಿ ಕಿರಿದುಗೊಂಡು ಅಡಕವಾಗಿರುತ್ತವೆ. ಅದನ್ನು ತೆರೆದೊಡನೆ ಸ್ಥಾಪಕ ತಂತ್ರಾಂಶವು ಅವುಗಳನ್ನು, ಅಥವಾ ಅವುಗಳಲ್ಲಿ ತನ್ನ ಕೆಲಸಕ್ಕೆ ಬೇಕಾದ ಭಾಗವನ್ನು, ಒಂದು ತಾತ್ಕಾಲಿಕ ಸ್ಥಳದಲ್ಲಿ ಬಿಚ್ಚಿಡುತ್ತದೆ. ಬಳಿಕ ಯಂತ್ರದ ಸ್ಥಿತಿಯನ್ನು ಪರೀಕ್ಷಿಸಿ, ಕಡತಗಳನ್ನು ಅವುಗಳ ಸ್ಥಿರಸ್ಥಾನಕ್ಕೆ ನಕಲು ಮಾಡಿ, ವ್ಯವಸ್ಥೆಯ ದಾಖಲೆಯಾದ ರಿಜಿಸ್ಟ್ರಿಯಲ್ಲಿ ಹೆಸರು ಬರೆಸಿ, ಕೊನೆಯಲ್ಲಿ ತಾನು ಬಿಚ್ಚಿಟ್ಟುದನ್ನು ಅಳಿಸಿ ನಿರ್ಗಮಿಸುತ್ತದೆ. ಮನೆ ಕಟ್ಟುವವರು ಸಾರವೆ ಕಟ್ಟಿ, ಗೋಡೆ ಏರಿಸಿ, ಕೆಲಸ ಮುಗಿದ ಮೇಲೆ ಸಾರವೆಯನ್ನು ಬಿಚ್ಚುವಂತೆ ಇದೂ ನಡೆಯುತ್ತದೆ.

ವಿಂಡೋಸ್ ವ್ಯವಸ್ಥೆಯಲ್ಲಿ ಈ ತಾತ್ಕಾಲಿಕ ಸ್ಥಳಕ್ಕೆ 'ಟೆಂಪ್' ಎಂದು ಹೆಸರು. ಇಂತಹ ಸ್ಥಳಗಳು ಮುಖ್ಯವಾಗಿ ಎರಡು: ಪ್ರತಿಯೊಬ್ಬ ಬಳಕೆದಾರನ ಖಾತೆಗೆ ಸೇರಿದ ಟೆಂಪ್ ಫೋಲ್ಡರ್ ಒಂದು, ಇಡೀ ವ್ಯವಸ್ಥೆಗೆ ಸೇರಿ, ವಿಂಡೋಸ್ ಫೋಲ್ಡರಿನೊಳಗೆ ಇರುವ ಟೆಂಪ್ ಇನ್ನೊಂದು. ಲಿನಕ್ಸ್ ವ್ಯವಸ್ಥೆಗಳಲ್ಲಿಯೂ ಎರಡು ಬಗೆಯ ತಾತ್ಕಾಲಿಕ ಸ್ಥಳಗಳುಂಟು. ಯಂತ್ರವನ್ನು ಮತ್ತೆ ಆರಂಭಿಸಿದಾಗ ಅಳಿಸಿಹಾಕಬಹುದಾದುದು ಒಂದು, ಆರಂಭದಿಂದ ಆರಂಭಕ್ಕೆ ಉಳಿಯಬೇಕಾದುದು ಮತ್ತೊಂದು. ವಿಂಡೋಸಿನಲ್ಲಿ ಇಂತಹ ಭೇದವಿಲ್ಲ. ಟೆಂಪಿನೊಳಗೆ ಏನನ್ನಾದರೂ ಇಟ್ಟ ತಂತ್ರಾಂಶವೇ ಅದನ್ನು ತೆಗೆಯಬೇಕೆಂಬುದು ಅಲ್ಲಿಯ ಸಾಮಾನ್ಯ ಕಟ್ಟಳೆ. ದೋಷಗಳ ಮೂಲವೂ ಇಲ್ಲಿಯೇ ಇದೆ: ಇಟ್ಟವನು ನಡುವೆಯೇ ಸತ್ತರೆ, ತೆಗೆಯುವವರು ಯಾರೂ ಇಲ್ಲ.

ನಡುವೆ ಸಾಯುವುದಕ್ಕೆ ಕಾರಣಗಳು ಹಲವು. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ದೋರನಹಳ್ಳಿಯಲ್ಲಿ ವಿದ್ಯಾರ್ಥಿಯೊಬ್ಬನು ತನ್ನ ಮನೆಯ ಯಂತ್ರದಲ್ಲಿ ಕನ್ನಡ ಲಿಪಿಯ ತಂತ್ರಾಂಶವನ್ನು ಸ್ಥಾಪಿಸುತ್ತಿರುವನೆಂದು ಭಾವಿಸೋಣ. ನಕಲು ಅರ್ಧವಾಗಿರುವಾಗ ವಿದ್ಯುತ್ತು ನಿಲ್ಲಬಹುದು. ಕಿಟಕಿ ಅಲುಗಾಡದೆ ನಿಂತಿತೆಂದು ಬೇಸತ್ತು ಅವನೇ ಅದನ್ನು ಬಲವಂತವಾಗಿ ಮುಚ್ಚಬಹುದು. ವೈರಸ್ ನಿರೋಧಕ ತಂತ್ರಾಂಶವು ಬಿಚ್ಚಿಟ್ಟ ಕಡತವೊಂದನ್ನು ಪರೀಕ್ಷೆಗಾಗಿ ಹಿಡಿದಿಟ್ಟುಕೊಂಡಿರಬಹುದು. ಆಗ ಸ್ಥಾಪಕವು ಅಳಿಸಹೋದರೂ ಅಳಿಸಲಾಗುವುದಿಲ್ಲ. ಇವುಗಳಲ್ಲಿ ಯಾವುದು ಸಂಭವಿಸಿದರೂ ಸಾರವೆ ನಿಂತೇ ಇರುತ್ತದೆ. ಮನೆ ಮಾತ್ರ ಪೂರ್ತಿಯಾಗಿರುವುದಿಲ್ಲ. ಮರುದಿನ ಅವನು ಮತ್ತೆ ಪ್ರಯತ್ನಿಸಿದಾಗ, ಹಿಂದಿನ ದಿನದ ಅವಶೇಷಗಳ ನಡುವೆಯೇ ಹೊಸ ಕೆಲಸ ಆರಂಭವಾಗಬೇಕಾಗುತ್ತದೆ.

೩

ಅವಶೇಷಗಳು ಹೊಸ ಸ್ಥಾಪನೆಗೆ ಅಡ್ಡಿಯಾಗುವ ರೀತಿ ಒಂದೇ ಅಲ್ಲ. ಅವುಗಳನ್ನು ಐದು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಸ್ಥಳಾಭಾವ. ವರ್ಷಗಟ್ಟಲೆ ಕೂಡಿದ ತಾತ್ಕಾಲಿಕ ಕಡತಗಳು ಡಿಸ್ಕನ್ನು ತುಂಬಿದಾಗ ಬಿಚ್ಚಿಡಲು ಎಡೆಯೇ ಇರುವುದಿಲ್ಲ. ವಿಂಡೋಸ್ ಇನ್‌ಸ್ಟಾಲರ್ ಈ ಸಂದರ್ಭದಲ್ಲಿ ೧೬೩೨ ಎಂಬ ದೋಷಸಂಖ್ಯೆಯನ್ನು ತೋರಿಸುತ್ತದೆ. ಟೆಂಪ್ ಫೋಲ್ಡರ್ ಇರುವ ಡಿಸ್ಕು ತುಂಬಿದೆ, ಇಲ್ಲವೆ ಅಲ್ಲಿ ಬರೆಯಲು ಅನುಮತಿಯಿಲ್ಲ ಎಂಬುದು ಅದರ ಅರ್ಥ. ಈ ಸಂಖ್ಯೆಗೆ ಎರಡು ಕಾರಣಗಳಿರುವುದನ್ನು ವಾಚಕರು ಗಮನಿಸಬೇಕು. ಡಿಸ್ಕಿನಲ್ಲಿ ಧಾರಾಳವಾಗಿ ಸ್ಥಳವಿರುವಾಗಲೂ ಅದು ಕಂಡುಬಂದರೆ, ಅನುಮತಿಯನ್ನು ಪರೀಕ್ಷಿಸಬೇಕೇ ಹೊರತು ಕಡತಗಳನ್ನು ಅಳಿಸುವುದರಿಂದ ಪ್ರಯೋಜನವಿಲ್ಲ.

ಎರಡನೆಯದು, ಹೆಸರುಗಳ ಅಭಾವ. ತಾತ್ಕಾಲಿಕ ಕಡತಕ್ಕೆ ಹೆಸರಿಡಲು ವಿಂಡೋಸ್ ಒದಗಿಸುವ ಒಂದು ಹಳೆಯ ವಿಧಾನದಲ್ಲಿ, ತಂತ್ರಾಂಶವು ಮೂರು ಅಕ್ಷರಗಳ ಉಪಸರ್ಗವನ್ನು ಕೊಡುತ್ತದೆ. ವ್ಯವಸ್ಥೆಯು ಅದಕ್ಕೆ ಹದಿನಾರನ್ನು ಮೂಲವಾಗುಳ್ಳ ಎಣಿಕೆಯಲ್ಲಿ ನಾಲ್ಕು ಸ್ಥಾನಗಳನ್ನು ಮೀರದ ಒಂದು ಸಂಖ್ಯೆಯನ್ನು ಸೇರಿಸುತ್ತದೆ. ಹೀಗೆ ಒಂದು ಫೋಲ್ಡರಿನಲ್ಲಿ ಒಂದು ಉಪಸರ್ಗದಿಂದ ಆಗಬಹುದಾದ ಹೆಸರುಗಳು ೬೫,೫೩೫ ಮಾತ್ರ. ಅಷ್ಟೂ ಹೆಸರುಗಳನ್ನು ಅವಶೇಷಗಳೇ ಹಿಡಿದಿದ್ದರೆ, ಡಿಸ್ಕಿನಲ್ಲಿ ಎಷ್ಟು ಸ್ಥಳವಿದ್ದರೂ ಹೊಸ ಕಡತ ಹುಟ್ಟಲಾರದು. ಆ ಮಿತಿ ಹತ್ತಿರವಾದಂತೆ ಖಾಲಿ ಹೆಸರನ್ನು ಹುಡುಕುವುದರಲ್ಲಿಯೇ ಕಾಲ ಕಳೆದು ಕೆಲಸ ಮಂದವಾಗುತ್ತದೆ.

ಮೂರನೆಯದು, ಹಳೆಯದನ್ನು ಹೊಸದೆಂದು ಭ್ರಮಿಸುವುದು. ಕೆಲವು ಸ್ಥಾಪಕಗಳು ಪ್ರತಿಸಲವೂ ಹೊಸ ಹೆಸರಿನ ಫೋಲ್ಡರನ್ನು ಮಾಡಿಕೊಳ್ಳದೆ, ಗೊತ್ತಾದ ಒಂದೇ ಹೆಸರನ್ನು ಬಳಸುತ್ತವೆ. ಅಲ್ಲಿ ಅರ್ಧ ಬಿಚ್ಚಿದ ಅಥವಾ ಅರ್ಧ ಇಳಿಸಿಕೊಂಡ ಕಡತ ಮೊದಲೇ ಇದ್ದರೆ, ಅದನ್ನು ಪೂರ್ಣವೆಂದು ತಿಳಿದು ಮುಂದುವರಿಯುತ್ತವೆ. ಮುಂದೆ ಯಾವುದೋ ಹಂತದಲ್ಲಿ 'ಕಡತ ಕೆಟ್ಟಿದೆ' ಎಂದು ನಿಲ್ಲುತ್ತವೆ. ಸೆಟಪ್ ಕಡತವನ್ನು ಎಷ್ಟು ಸಲ ಹೊಸದಾಗಿ ತಂದರೂ ಅದೇ ದೋಷ ಮರಳುವುದು ಈ ಬಗೆಯ ಲಕ್ಷಣ.

ನಾಲ್ಕನೆಯದು, ಬಾಕಿ ಉಳಿದ ಬದಲಾವಣೆ. ಬಳಕೆಯಲ್ಲಿರುವ ಕಡತವನ್ನು ವಿಂಡೋಸಿನಲ್ಲಿ ಸಾಮಾನ್ಯವಾಗಿ ಅಳಿಸಲಾಗದು, ಬದಲಿಸಲೂ ಆಗದು. ಆಗ ಸ್ಥಾಪಕವು ಹೊಸ ಪ್ರತಿಯನ್ನು ತಾತ್ಕಾಲಿಕ ಹೆಸರಿನಲ್ಲಿ ಇಟ್ಟು, ಮುಂದಿನ ಆರಂಭದಲ್ಲಿ ಇದನ್ನು ಅದರ ಸ್ಥಾನಕ್ಕೆ ಸೇರಿಸತಕ್ಕದ್ದೆಂದು ರಿಜಿಸ್ಟ್ರಿಯಲ್ಲಿ ಬರೆದಿಡುತ್ತದೆ. ಈ ಬಾಕಿ ತೀರುವವರೆಗೆ ಬೇರೆ ಕೆಲವು ಸ್ಥಾಪಕಗಳು ಕೆಲಸ ಮಾಡಲೊಪ್ಪವು. 'ಮೊದಲು ಯಂತ್ರವನ್ನು ರೀಸ್ಟಾರ್ಟ್ ಮಾಡಿ' ಎಂದು ಹೇಳಿ ಹಿಂದಿರುಗುತ್ತವೆ. ಕನ್ನಡದ ಲಿಪಿತಂತ್ರಾಂಶಗಳ ವಿಷಯದಲ್ಲಿ ಇದು ವಿಶೇಷವಾಗಿ ಪ್ರಸಕ್ತ. ಫಾಂಟು ಕಡತಗಳನ್ನು ತೆರೆದ ಲೇಖನವೊಂದು ಹಿಡಿದಿರುತ್ತದೆ; ಕೀಲಿಮಣೆಯ ಕಾರ್ಯಕ್ರಮವು ಪರದೆಯ ಕೆಳಗಿನ ಮೂಲೆಯಲ್ಲಿ ಸದಾ ನಡೆಯುತ್ತಿರುತ್ತದೆ. ಹಳೆಯ ಆವೃತ್ತಿ ಹೀಗೆ ಜೀವಂತವಾಗಿರುವಾಗಲೇ ಹೊಸದನ್ನು ಸ್ಥಾಪಿಸಹೋದರೆ ಈ ಬಗೆಯ ಬಾಕಿ ಉಳಿಯುವುದು ಸಹಜ.

ಐದನೆಯದು, ಅರ್ಧದಲ್ಲಿ ನಿಂತ ಸ್ಥಾಪನೆಯ ಗುರುತು. ೧೯೯೯ರಲ್ಲಿ ಆಫೀಸ್ ೨೦೦೦ದೊಡನೆ ಬಳಕೆಗೆ ಬಂದ ವಿಂಡೋಸ್ ಇನ್‌ಸ್ಟಾಲರ್, ಕೆಲಸ ಕೆಟ್ಟರೆ ಯಂತ್ರವನ್ನು ಹಿಂದಿನ ಸ್ಥಿತಿಗೆ ಮರಳಿಸುವ ಸಲುವಾಗಿ, ತಾನು ಬದಲಿಸುವ ಕಡತಗಳ ಹಳೆಯ ಪ್ರತಿಗಳನ್ನು ಗುಪ್ತ ಫೋಲ್ಡರೊಂದರಲ್ಲಿ ಇಟ್ಟುಕೊಳ್ಳುತ್ತದೆ. ವಿದ್ಯುತ್ತು ನಿಂತಾಗ ಈ ಪ್ರತಿಗಳೂ 'ಕೆಲಸ ನಡೆಯುತ್ತಿದೆ' ಎಂಬ ಗುರುತೂ ಉಳಿಯುತ್ತವೆ. ಮುಂದಿನ ಪ್ರಯತ್ನದಲ್ಲಿ ೧೭೦೪ ಎಂಬ ಸಂಖ್ಯೆ ಕಾಣಿಸಿಕೊಂಡರೆ, ಹಿಂದಿನ ಸ್ಥಾಪನೆಯೊಂದು ತಡೆದು ನಿಂತಿದೆ, ಅದನ್ನು ಮೊದಲು ಹಿಂದೆಗೆಯಬೇಕು ಎಂದು ತಿಳಿಯಬೇಕು. ೧೬೧೮ ಎಂಬುದು ಇದಕ್ಕಿಂತ ಭಿನ್ನ. ಬೇರೊಂದು ಸ್ಥಾಪನೆ ಈಗಲೂ ನಡೆಯುತ್ತಿದೆ ಎಂದು ಅದರ ಅರ್ಥ. ಹಿಂದೆ ಮುಚ್ಚಿದೆವೆಂದು ನಾವು ಭಾವಿಸಿದ ಸ್ಥಾಪಕವು ಮರೆಯಲ್ಲಿ ಉಸಿರಾಡುತ್ತಿರುವುದುಂಟು.

೪

ಟೆಂಪ್ ಫೋಲ್ಡರಿನ ದೋಷವೆಲ್ಲ ಅವಶೇಷಗಳ ದೋಷವಲ್ಲ. ಈ ಭೇದವನ್ನು ಅರಿಯದಿದ್ದರೆ ಚಿಕಿತ್ಸೆ ತಪ್ಪುತ್ತದೆ. ಕನ್ನಡಿಗರಿಗೆ ಸಂಬಂಧಿಸಿದ ಒಂದು ಉದಾಹರಣೆಯನ್ನು ಇಲ್ಲಿ ಕೊಡಬಹುದು. ಯಂತ್ರದ ಖಾತೆಗೆ ತನ್ನ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಕೊಟ್ಟವನ ಫೋಲ್ಡರಿಗೂ ಆ ಕನ್ನಡ ಹೆಸರೇ ಬರುವುದುಂಟು. ಅದರೊಳಗಿನ ಟೆಂಪಿಗೆ ಹೋಗುವ ದಾರಿಯಲ್ಲಿ ಆಗ ಕನ್ನಡ ಅಕ್ಷರಗಳಿರುತ್ತವೆ. ಯೂನಿಕೋಡ್ ಬರುವುದಕ್ಕೆ ಮುಂಚಿನ ಪದ್ಧತಿಯಲ್ಲಿ ರಚಿತವಾದ ತಂತ್ರಾಂಶಗಳು ಪ್ರತಿಯೊಂದು ಭಾಷೆಗೂ ಗೊತ್ತಾದ ಒಂದು ಸಂಕೇತಪಟ್ಟಿಯ ಮೂಲಕ ಅಕ್ಷರಗಳನ್ನು ಓದುತ್ತವೆ. ರಷ್ಯನ್, ಗ್ರೀಕ್ ಮೊದಲಾದ ಭಾಷೆಗಳಿಗೆ ವಿಂಡೋಸಿನಲ್ಲಿ ಅಂತಹ ಪಟ್ಟಿಗಳುಂಟು. ಕನ್ನಡವು ಅಲ್ಲಿ ಯೂನಿಕೋಡಿನ ಮೂಲಕವೇ ಬಂದುದರಿಂದ ಅದಕ್ಕೆ ಅಂತಹ ಪಟ್ಟಿಯಿಲ್ಲ. ಆದಕಾರಣ ಹಳೆಯ ಸ್ಥಾಪಕದ ಕಣ್ಣಿಗೆ ಆ ಹೆಸರು ಬರಿಯ ಪ್ರಶ್ನಚಿಹ್ನೆಗಳ ಸಾಲಾಗಿ ಕಾಣುತ್ತದೆ. ಅಂತಹ ಫೋಲ್ಡರ್ ಇಲ್ಲವೆಂದು ಅದು ನಿಲ್ಲುತ್ತದೆ. ಟೆಂಪನ್ನು ಎಷ್ಟು ಗುಡಿಸಿದರೂ ಈ ದೋಷ ಹೋಗದು. ರೋಮನ್ ಅಕ್ಷರಗಳ ಹೆಸರುಳ್ಳ ಬೇರೊಂದು ಖಾತೆಯನ್ನು ತೆರೆದು ಅಲ್ಲಿಂದ ಸ್ಥಾಪಿಸುವುದು ಸುಲಭವಾದ ಪರಿಹಾರ.

ಲಿನಕ್ಸಿನಿಂದಲೂ ಒಂದು ಉದಾಹರಣೆ ದೊರೆಯುತ್ತದೆ. ಕೇರಳದ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶದ ಬಳಕೆ ವ್ಯಾಪಕವಾಗಿರುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಅಧ್ಯಾಪಕರಿಗೆ ಇದು ಪರಿಚಿತವಾಗಿರಬಹುದು. ಉಬುಂಟು ಮೊದಲಾದ ವ್ಯವಸ್ಥೆಗಳಲ್ಲಿ ಸ್ಥಾಪನೆಗೆ ತೊಡಗಿದಾಗ, ಬೇರೊಂದು ಕೆಲಸವು 'ಬೀಗ'ದ ಕಡತವನ್ನು ಹಿಡಿದಿದೆ ಎಂಬ ಸೂಚನೆ ಬರುವುದುಂಟು. ಆ ಕಡತವನ್ನು ಅಳಿಸಿಬಿಡಿ ಎಂದು ಹಲವರು ಸಲಹೆ ಕೊಡುತ್ತಾರೆ. ಆದರೆ ಆ ಕಡತ ಯಾವಾಗಲೂ ಅಲ್ಲಿಯೇ ಇರತಕ್ಕದ್ದು. ಅದು ಇರುವುದೇ ಬೀಗವಲ್ಲ, ನಡೆಯುತ್ತಿರುವ ಕೆಲಸವೊಂದು ಅದನ್ನು ಹಿಡಿದುಕೊಂಡಿರುವುದು ಬೀಗ. ಅಳಿಸಿದರೆ ಎರಡು ಕೆಲಸಗಳು ಒಂದೇ ದಾಖಲೆಯ ಮೇಲೆ ಏಕಕಾಲದಲ್ಲಿ ಬರೆಯುವಂತಾಗಿ ಅದು ಕೆಡಬಹುದು. ನಡೆಯುತ್ತಿರುವ ಕೆಲಸ ಮುಗಿಯುವವರೆಗೆ ಕಾಯುವುದು, ಅರ್ಧದಲ್ಲಿ ನಿಂತದ್ದನ್ನು ಪೂರ್ಣಗೊಳಿಸುವ ಆಜ್ಞೆಯನ್ನು ಕೊಡುವುದು ಸರಿಯಾದ ಮಾರ್ಗ.

೫

ಇನ್ನು ಪರಿಹಾರದ ಕ್ರಮ. ಮೊದಲು ದೋಷದ ಮಾತನ್ನೂ ಸಂಖ್ಯೆಯನ್ನೂ ಇದ್ದಂತೆಯೇ ಬರೆದುಕೊಳ್ಳಬೇಕು. ಬಳಿಕ ತೆರೆದಿರುವ ಲೇಖನಗಳನ್ನು ಉಳಿಸಿ ಮುಚ್ಚಿ, ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ೨೦೧೨ರ ವಿಂಡೋಸ್ ೮ರಿಂದ ಮುಂದೆ, 'ಶಟ್ ಡೌನ್' ಮಾಡಿದಾಗ ವ್ಯವಸ್ಥೆಯ ಒಳಭಾಗವು ಪೂರ್ತಿ ಮುಗಿಯದೆ, ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುವ ಏರ್ಪಾಡು ಸಾಮಾನ್ಯವಾಗಿದೆ. ಆದುದರಿಂದ ಯಂತ್ರವನ್ನು ಆರಿಸಿ ಹೊತ್ತಿಸಿದರೆ ಮೇಲೆ ಹೇಳಿದ ಬಾಕಿ ತೀರದೆ ಇರಬಹುದು. 'ರೀಸ್ಟಾರ್ಟ್' ಎಂಬುದನ್ನೇ ಆರಿಸಬೇಕು. ನಾಲ್ಕನೆಯ ಬಗೆಯ ದೋಷವೂ ೧೬೧೮ರ ದೋಷವೂ ಬಹುಮಟ್ಟಿಗೆ ಇಷ್ಟರಿಂದಲೇ ಪರಿಹಾರವಾಗುತ್ತವೆ.

ಅದರಿಂದಲೂ ಆಗದಿದ್ದರೆ ಟೆಂಪನ್ನು ನೋಡಬೇಕು. ವಿಂಡೋಸ್ ಗುಂಡಿಯನ್ನೂ ಆರ್ ಗುಂಡಿಯನ್ನೂ ಒಟ್ಟಿಗೆ ಒತ್ತಿ, ಮೂಡುವ ಪೆಟ್ಟಿಗೆಯಲ್ಲಿ ಎರಡು ಶೇಕಡಾ ಚಿಹ್ನೆಗಳ ನಡುವೆ 'ಟೆಂಪ್' ಎಂದು ರೋಮನ್ ಅಕ್ಷರಗಳಲ್ಲಿ ಬರೆದರೆ ಆ ಫೋಲ್ಡರ್ ತೆರೆಯುತ್ತದೆ. ಕಡತಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಕಳೆದ ಆರಂಭಕ್ಕಿಂತ ಹಿಂದಿನವನ್ನು ಬೇರೊಂದು ಫೋಲ್ಡರಿಗೆ ಸಾಗಿಸಬೇಕು, ಆಗಲೇ ಅಳಿಸಬಾರದು. ಸಾಗಲೊಪ್ಪದ ಕಡತಗಳು ಬಳಕೆಯಲ್ಲಿವೆ ಎಂದು ತಿಳಿದು ಅಲ್ಲಿಯೇ ಬಿಡಬೇಕು. ಬಳಿಕ ಸೆಟಪ್ಪನ್ನು ಮತ್ತೊಮ್ಮೆ ನಡೆಸಬೇಕು. ಆಗಲೂ ವಿಫಲವಾದರೆ ಸ್ಥಾಪಕದ 'ಲಾಗ್' ಎಂಬ ಕಾರ್ಯವರದಿಯನ್ನು ಓದುವುದು ಅನಿವಾರ್ಯ. ವಿಂಡೋಸ್ ಇನ್‌ಸ್ಟಾಲರಿನ ವರದಿ ಸಾವಿರಾರು ಸಾಲುಗಳಿದ್ದರೂ, 'ರಿಟರ್ನ್ ವ್ಯಾಲ್ಯೂ ೩' ಎಂಬುದನ್ನು ಅದರಲ್ಲಿ ಹುಡುಕಿ, ಅದಕ್ಕೆ ಮೇಲಿನ ಕೆಲವು ಸಾಲುಗಳನ್ನು ಓದಿದರೆ, ಕೆಲಸ ಎಲ್ಲಿ ಮುರಿಯಿತೆಂಬುದು ಸಾಮಾನ್ಯವಾಗಿ ಗೊತ್ತಾಗುತ್ತದೆ.

೬

ಅಳಿಸದೆ ಸಾಗಿಸಬೇಕೆಂದು ಹೇಳಿದುದಕ್ಕೆ ಕಾರಣವಿದೆ. ಟೆಂಪಿನಲ್ಲಿರುವುದೆಲ್ಲ ಕಸವಲ್ಲ. ಇಮೇಲಿನೊಡನೆ ಬಂದ ಲೇಖನವನ್ನು, ಅಥವಾ ಜಿಪ್ ಕಡತದೊಳಗಿನ ಲೇಖನವನ್ನು, ಬೇರೆಡೆಗೆ ಉಳಿಸಿಕೊಳ್ಳದೆ ಅಲ್ಲಿಂದಲೇ ನೇರವಾಗಿ ತೆರೆದಾಗ, ಅದರ ಪ್ರತಿಯೊಂದು ಅನೇಕ ವೇಳೆ ತಾತ್ಕಾಲಿಕ ಸ್ಥಳದಲ್ಲಿ ಹುಟ್ಟುತ್ತದೆ. ಮಾರ್ಗದರ್ಶಕರು ಕಳುಹಿಸಿದ ಅಧ್ಯಾಯವನ್ನು ವಿದ್ಯಾರ್ಥಿ ಹೀಗೆ ತೆರೆದು, ಮೂರು ದಿನ ತಿದ್ದಿ, ಪ್ರತಿಸಲವೂ 'ಸೇವ್' ಮಾಡಿರಬಹುದು. ತಿದ್ದುಪಡಿಯೆಲ್ಲ ಇರುವುದು ಟೆಂಪಿನೊಳಗಿನ ಆ ಒಂದು ಪ್ರತಿಯಲ್ಲಿ. ಅಲ್ಲಿರುವುದೆಲ್ಲವನ್ನೂ ಆಯ್ದು ಅಳಿಸಿದರೆ ತಂತ್ರಾಂಶವು ಸ್ಥಾಪಿತವಾದೀತು; ಅಧ್ಯಾಯ ಮಾತ್ರ ಹೋದೀತು. ಆದುದರಿಂದ ಶುದ್ಧಿಗೆ ತೊಡಗುವ ಮುನ್ನ ಅಲ್ಲಿ ಲೇಖನಗಳೇನಾದರೂ ಇವೆಯೇ ಎಂದು ಹುಡುಕಿ ನೋಡುವುದು ಕರ್ತವ್ಯ. ವಿಂಡೋಸಿನ ಹಳೆಯ 'ಡಿಸ್ಕ್ ಕ್ಲೀನಪ್' ಉಪಕರಣವು ಒಂದು ವಾರಕ್ಕಿಂತ ಹೊಸದಾದ ತಾತ್ಕಾಲಿಕ ಕಡತಗಳನ್ನು ಮುಟ್ಟದೆ ಬಿಡುತ್ತಿದ್ದುದೂ ಇಂತಹ ಎಚ್ಚರಿಕೆಯಿಂದಲೇ.

ಇದಕ್ಕೆ ಪ್ರತಿಯಾಗಿ, ಕಸದಂತೆ ಕಂಡರೂ ಸ್ಥಿರವಾಗಿ ಇರಬೇಕಾದವೂ ಉಂಟು. ವಿಂಡೋಸ್ ಫೋಲ್ಡರಿನೊಳಗೆ 'ಇನ್‌ಸ್ಟಾಲರ್' ಎಂಬ ಗುಪ್ತ ಫೋಲ್ಡರೊಂದಿದೆ. ಅರ್ಥವಾಗದ ಹೆಸರುಗಳ ದೊಡ್ಡ ದೊಡ್ಡ ಕಡತಗಳು ಅದರಲ್ಲಿ ತುಂಬಿರುವುದರಿಂದ, ಸ್ಥಳ ಹುಡುಕುವವರ ಕಣ್ಣು ಅದರ ಮೇಲೆ ಬೀಳುತ್ತದೆ. ಅವು ಸ್ಥಾಪಿತವಾದ ತಂತ್ರಾಂಶಗಳನ್ನು ಮುಂದೆ ದುರಸ್ತಿ ಮಾಡಲು, ಪರಿಷ್ಕರಿಸಲು, ತೆಗೆದುಹಾಕಲು ಬೇಕಾದ ಮೂಲಪ್ರತಿಗಳು. ಅವುಗಳನ್ನು ಅಳಿಸಿದ ದಿನ ಏನೂ ಆಗುವುದಿಲ್ಲ. ತಿಂಗಳುಗಳ ತರುವಾಯ ಆ ತಂತ್ರಾಂಶವನ್ನು ಪರಿಷ್ಕರಿಸಹೋದಾಗ ಅದು ಪರಿಷ್ಕಾರವನ್ನೂ ಒಪ್ಪದು, ಯಂತ್ರದಿಂದ ತೊಲಗಲೂ ಒಪ್ಪದು.

ಹೆಸರನ್ನೂ ಸ್ಥಾನವನ್ನೂ ನೋಡಿ ಬೆಲೆಯನ್ನು ನಿರ್ಣಯಿಸುವುದು ದಾಖಲೆಗಳ ವಿಷಯದಲ್ಲಿ ಎಷ್ಟು ಅಪಾಯವೆಂಬುದು ಇತಿಹಾಸದ ವಿದ್ಯಾರ್ಥಿಗೆ ತಿಳಿದದ್ದೇ. ಒರಸಿ ಬರೆಯಬಹುದಾದ ಕಡತಗಳನ್ನು ಶೃಂಗೇರಿ ಮಠದವರು ಒರಸದೆ ಇಟ್ಟುಕೊಂಡುದರಿಂದಲೇ ಅವು ಇಂದು ಕರ್ನಾಟಕದ ಇತಿಹಾಸಕ್ಕೆ ಆಕರಗಳಾಗಿವೆ. ಪತ್ರಾಗಾರದಲ್ಲಿ ಬೇಡದ ಕಾಗದಗಳನ್ನು ವಿಲೇವಾರಿ ಮಾಡುವಾಗ, ಇದು ಯಾರಿಂದ ಹುಟ್ಟಿತು, ಯಾವ ಕಾರ್ಯಕ್ಕೆ ಹುಟ್ಟಿತು, ಆ ಕಾರ್ಯ ಮುಗಿಯಿತೇ ಎಂದು ಕೇಳುತ್ತೇವೆ. ತಾತ್ಕಾಲಿಕ ಕಡತಗಳಿಗೂ ಈ ಮೂರು ಪ್ರಶ್ನೆಗಳು ಸಾಕು. ಮೂರಕ್ಕೂ ಉತ್ತರ ದೊರೆತ ಕಡತವನ್ನು ನಿಶ್ಚಿಂತೆಯಿಂದ ತೆಗೆಯಬಹುದು. ದೊರೆಯದುದನ್ನು ಬೇರೆಡೆಗೆ ಸಾಗಿಸಿ ಕಾಯಬೇಕು.

೭

ಸ್ಥಾಪನೆ ಎರಡು ಸಲ ಕೆಟ್ಟೊಡನೆ ಯಂತ್ರವನ್ನು ಅಂಗಡಿಗೆ ಒಯ್ದು 'ಫಾರ್ಮ್ಯಾಟ್' ಮಾಡಿಸುವುದು, ಎಂದರೆ ಡಿಸ್ಕಿನಲ್ಲಿರುವುದೆಲ್ಲವನ್ನೂ ಅಳಿಸಿ ಮೊದಲಿನಿಂದ ಆರಂಭಿಸುವುದು, ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ದೋರನಹಳ್ಳಿಯಿಂದ ಶಹಾಪುರಕ್ಕೋ ಯಾದಗಿರಿಗೋ ಯಂತ್ರವನ್ನು ಹೊತ್ತು ಹೋಗುವ ವಿದ್ಯಾರ್ಥಿಗೆ ಅದರಿಂದ ಆಗುವುದು ಹಣದ ವ್ಯಯ ಮಾತ್ರವಲ್ಲ. ಬೇರೆಡೆ ಪ್ರತಿ ಇಲ್ಲದಿದ್ದರೆ ಕ್ಷೇತ್ರಕಾರ್ಯದ ಛಾಯಾಚಿತ್ರಗಳೂ ಟಿಪ್ಪಣಿಗಳೂ ಅದರೊಡನೆಯೇ ಹೋಗುತ್ತವೆ. ಹತ್ತಾರು ಅವಶೇಷಗಳನ್ನು ಬೇರ್ಪಡಿಸಲಾರದೆ ಇಡೀ ಮನೆಯನ್ನೇ ಕೆಡವಿದಂತೆ ಇದು. ಮೇಲೆ ಹೇಳಿದ ಕ್ರಮವನ್ನು ಅನುಸರಿಸಲು ವಿಶೇಷವಾದ ತಾಂತ್ರಿಕ ಜ್ಞಾನವೇನೂ ಬೇಕಾಗಿಲ್ಲ; ಓದುವ ತಾಳ್ಮೆಯೂ ಬರೆದಿಡುವ ಅಭ್ಯಾಸವೂ ಇದ್ದರೆ ಸಾಕು.

ಈ ದೃಷ್ಟಿಯಿಂದ ಒಂದು ಸೂಚನೆಯನ್ನು ಸಹೋದ್ಯೋಗಿಗಳ ಮುಂದಿಡಬಹುದು. ಕಾಲೇಜಿನ ಪ್ರತಿಯೊಂದು ಗಣಕಯಂತ್ರಕ್ಕೂ ಒಂದು ಪುಸ್ತಕವಿರಲಿ. ಯಾವ ದಿನ ಯಾವ ತಂತ್ರಾಂಶದ ಯಾವ ಆವೃತ್ತಿಯನ್ನು ಸ್ಥಾಪಿಸಲಾಯಿತು, ನಡುವೆ ವಿದ್ಯುತ್ತು ನಿಂತಿತೇ, ಯಾವ ದೋಷಸಂಖ್ಯೆ ಬಂದಿತು, ಯಾವ ಕಡತಗಳನ್ನು ಎಲ್ಲಿಗೆ ಸಾಗಿಸಲಾಯಿತು ಎಂಬಿಷ್ಟನ್ನು ಅದರಲ್ಲಿ ಆಗಿಂದಾಗ್ಗೆ ಬರೆದಿಟ್ಟರೆ, ಮುಂದೆ ಅದೇ ಯಂತ್ರದ ಮುಂದೆ ಕುಳಿತುಕೊಳ್ಳುವವರು ಊಹೆಯಿಂದಲ್ಲ, ದಾಖಲೆಯಿಂದ ಕೆಲಸ ಆರಂಭಿಸಬಹುದು.